ಅಮ್ಮನ ಕುರ್ಚಿಯ ಮೇಲೆ ಬಿದ್ದ ಥಾನು

ನಾನು ದರ್ಜಿ. ಭಾರವಾದ ಕೋಟಿನ ಬಟ್ಟೆಯ ಥಾನುಗಳನ್ನು, ಆ ದಪ್ಪ ಸುರುಳಿಗಳನ್ನು, ಕಪಾಟಿನ ತುತ್ತತುದಿಯಲ್ಲಿ ಜೋಡಿಸುವುದು ನಮ್ಮ ಅಂಗಡಿಯ ಹಳೆಯ ರೂಢಿ. ಬೀದಿಗೆ ಚೆನ್ನಾಗಿ ಕಾಣಲಿ ಎಂಬ ಡೌಲು, ಅಷ್ಟೇ. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಅಮ್ಮ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ.

ಕಳೆದ ವಾರ ನೆಲ ಸಣ್ಣಗೆ ನಡುಗಿತು. ಒಂದು ಥಾನು ಉರುಳಿ ಸೀದಾ ಅಮ್ಮನ ಕುರ್ಚಿಯ ಮೇಲೆ ಬಿತ್ತು. ಅಮ್ಮ ಆಗಷ್ಟೇ ಕೈ ತೊಳೆಯಲು ಎದ್ದು ಹೋಗಿದ್ದಳು.

ಭೂಕಂಪ ಅಳೆಯುವ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ತಂಗಿ ಸಂಜೆ ಓಡಿ ಬಂದಳು.

“ಅಣ್ಣ, ಈ ಕಪಾಟನ್ನ ಗೋಡೆಗೆ ಬಿಗಿ ಮಾಡ್ಸು. ಥಾನೆಲ್ಲ ಕೆಳಗಿಡು.”

“ಬಿದ್ದಿದ್ದು ಒಂದೇ ಥಾನು ಕಣೆ. ಮೂವತ್ತು ವರ್ಷದಿಂದ ಕಪಾಟು ಕಲ್ಲಿನ ಹಾಗೆ ನಿಂತಿದೆ,” ಎಂದು ರೇಗಿದೆ.

ಅವಳು ವಾದಕ್ಕೆ ನಿಲ್ಲಲಿಲ್ಲ. ಬಿದ್ದ ಥಾನನ್ನೇ ಬಿಚ್ಚಿ ಮೇಜಿನ ಮೇಲೆ ಹರಡಿ, ಒಂದು ತುದಿಯನ್ನು ಅಂಚಿನಿಂದ ಇಳಿಬಿಟ್ಟಳು. ಬಟ್ಟೆ ತನ್ನ ಭಾರಕ್ಕೇ ಮೆಲ್ಲಗೆ ಜಾರತೊಡಗಿತು.

“ಸಮುದ್ರದ ತಳವೂ ಹೀಗೇನೇ. ಹಳೇದಾಗಿ, ತಣ್ಣಗಾಗಿ, ಭಾರವಾದ ಕಲ್ಲಿನ ಹಾಸು ನಮ್ಮ ನೆಲದ ಅಡಿಗೆ ಜಾರಿ ಮುಳುಗ್ತಾ ಇದೆ. ಮುಳುಗಿದ ತುದಿ ಉಳಿದದ್ದನ್ನೂ ಎಳೀತಾ ಇದೆ. ಉಗುರು ಬೆಳೆಯೋಷ್ಟು ನಿಧಾನ. ಅಮ್ಮ, ಬಟ್ಟೆ ಮೇಲೆ ಅಂಗೈ ಒತ್ತಿಡು. ನಿನ್ನ ಕೈಯೇ ನಮ್ಮ ನೆಲ ಅಂದ್ಕೋ.”

ಅಮ್ಮ ಒತ್ತಿದಳು. ಬಟ್ಟೆ ನಿಂತಿತು. ತಂಗಿ ಕೆಳಗಿನಿಂದ ಎಳೆಯುತ್ತಲೇ ಇದ್ದಳು. ಅಮ್ಮನ ಬೆರಳುಗಳು ಬಾಗಿದವು.

“ಹೀಗೆ ಕಚ್ಚಿಕೊಂಡು ನೂರಾರು ವರ್ಷ ಇರಬಹುದು. ನೆಲ ಸುಮ್ಮನಿದೆ ಅಂತ ನಾವು...”

ಬಟ್ಟೆ ಸರ್ರನೆ ಜಾರಿತು. ಅಮ್ಮನ ಕೈ ಚಿಮ್ಮಿತು. ಮೇಜಿನ ಮೇಲಿದ್ದ ಕತ್ತರಿ ಠಣ್ಣೆಂದು ಕೆಳಗೆ ಬಿತ್ತು. “ಇದೇ ಭೂಕಂಪ,” ಎಂದಳು ತಂಗಿ.

“ಅಬ್ಬಬ್ಬಾ! ಇಷ್ಟು ದೊಡ್ಡ ಕೆಲಸ ನಮ್ಮ ಕಾಲಡೀಲಿ ನಡೀತಿದ್ಯಾ? ನಾನಿಲ್ಲಿ ಗುಂಡಿ ಹೊಲೀತಾ ಕೂತಿದ್ದೀನಲ್ಲೇ!”

“ನಮ್ಮ ಮುತ್ತಜ್ಜನ ಮುತ್ತಜ್ಜ ಹುಟ್ಟೋಕೂ ಲಕ್ಷಾಂತರ ವರ್ಷ ಮೊದಲಿಂದ ನಡೀತಿದೆ.”

“ಮತ್ತೆ ಯಾವಾಗ ಜಾರುತ್ತೆ?”

“ಆ ದಿನ ನಮ್ಮ ಕಚೇರಿಗೂ ಗೊತ್ತಿಲ್ಲಮ್ಮ.”

ಅಮ್ಮ ಬಗ್ಗಿ ಅಂಗೈಯಿಂದ ನೆಲ ಮುಟ್ಟಿದಳು. ಎದ್ದವಳು ತನ್ನ ಕುರ್ಚಿಯನ್ನು ನೋಡಿದಳು, ಕೂರಲಿಲ್ಲ. ನನ್ನ ಡೌಲು ಅಲ್ಲೇ ಇಳಿಯಿತು. ಮರುದಿನ ಬಡಗಿಯನ್ನು ಕರೆಸಿ ಕಪಾಟನ್ನು ಗೋಡೆಗೆ ಬಿಗಿಸಿದೆ, ಥಾನುಗಳನ್ನೆಲ್ಲ ಕೆಳಗಿನ ಖಾನೆಗೆ ಇಳಿಸಿದೆ. ಆಮೇಲೆಯೇ ಅಮ್ಮ ಕೂತು ಸೂಜಿಗೆ ದಾರ ಪೋಣಿಸಿದಳು.

ಓದುತ್ತಿರುವವರೇ, ನೀವೂ ಭಾರದ್ದನ್ನು ಕೆಳಗಿಡಿ, ಕಪಾಟನ್ನು ಬಿಗಿಸಿ. ನೆಲ ನಡುಗಿದರೆ ಗಟ್ಟಿ ಮೇಜಿನಡಿ ಸೇರಿ ಅದರ ಕಾಲನ್ನು ಹಿಡಿದುಕೊಳ್ಳಿ. ಸಮುದ್ರ ಹತ್ತಿರವಿದ್ದರೆ, ನಡುಕ ನಿಂತ ಕೂಡಲೇ ಎತ್ತರದ ಜಾಗಕ್ಕೆ ನಡೆಯಿರಿ, ಹಿಂದೆಯೇ ದೊಡ್ಡ ಅಲೆ ಬರಬಹುದು. ಯಾರಾದರೂ ಹೇಳಲಿ ಎಂದು ಕಾಯಬೇಡಿ. ಈಗ ಕತ್ತೆತ್ತಿ ನೋಡಿ, ನಿಮ್ಮ ಅಮ್ಮ ಕೂರುವ ಜಾಗದ ಮೇಲೆ ಏನಿದೆ? ನಮ್ಮಮ್ಮ ಅವತ್ತು ಕೈ ತೊಳೆಯಲು ಎದ್ದಿದ್ದಳು. ನಿಮ್ಮವರೂ ಎದ್ದಿರುತ್ತಾರೆ ಎಂದು ನಂಬಿ ಕೂರಬೇಡಿ.