ಸಪ್ಪಳವಿಲ್ಲದ ರೊಟ್ಟಿ

ಬೆರಳಿಗೆ ಮೊದಲು ಬಿಸಿ ತಾಗುತ್ತದೆ, ಉರಿ ಆಮೇಲೆ ಗೊತ್ತಾಗುತ್ತದೆ, ಆದರೂ ತವೆಯಿಂದ ಇಳಿದ ರೊಟ್ಟಿ ಆರಬಾರದು, ಆರಿದರೆ ಮುಟಗಿ ಆಗುವುದಿಲ್ಲ, ಬಿಸಿಯಿರುವಾಗಲೇ ಮುರಿದು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಂದು ಹಸಿಮೆಣಸಿನಕಾಯಿ ಹಾಕಿ ಒರಳಿನಲ್ಲಿ ಕುಟ್ಟಬೇಕು — ಒಂದೇ ಮೆಣಸಿನಕಾಯಿ, ಮಗಳಿಗೆ ಖಾರ ಆಗದು — ಚಂದ್ರಕಲಾ ಬೆರಳಿಗೆ ಗಾಳಿ ಊದಿಕೊಂಡು ಮತ್ತೆ ಕುಟ್ಟುತ್ತಾಳೆ, ಎಂಟೂವರೆಗೆ ಶಾಲೆಯ ಆಟೋ, ಒಂಬತ್ತೂವರೆಗೆ ಸಿದ್ಧೇಶ್ವರ ಗುಡಿ ಹತ್ತಿರದ ಸೀರೆ ಅಂಗಡಿಯ ಕೆಲಸಕ್ಕೆ ಅವಳು ಹೋಗಬೇಕು, ಗೋಡೆಯ ಮೇಲೆ ಶಾಲೆಯವರು ಕೊಟ್ಟ ಚೀಟಿ, ಪೌಷ್ಟಿಕ ಡಬ್ಬಿ ಎಂದು ಬರೆದು ಚೀಸು, ಬಾದಾಮಿ, ಬ್ರೊಕೋಲಿಯ ಬಣ್ಣದ ಚಿತ್ರ, ಬ್ರೊಕೋಲಿಯನ್ನು ಅವಳು ಆ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ, ಇಷ್ಟು ದಿನ ಅವಳು ಕಟ್ಟಿದ ಡಬ್ಬಿಯೇ ಬೇರೆ, ಬಿಜ್ಜರಗಿಯಿಂದ ಅತ್ತೆ ರಾಚವ್ವ ಬಸ್ಸಿನಲ್ಲಿ ಕಳಿಸುವ ಕಡಕ್ ರೊಟ್ಟಿ, ಹೊಲದ ಜೋಳದ್ದು, ಶೇಂಗಾ ಚಟ್ನಿ, ಮೊಳಕೆ ಬಂದ ಹೆಸರುಕಾಳು, ಮೊಸರು, ಗಂಡ ಮಾಳು ತಾನು ದುಡಿಯುವ ತಿಕೋಟಾದ ದ್ರಾಕ್ಷಿ ಒಣಗಿಸುವ ಶೆಡ್ಡಿನಿಂದ ತರುವ ಒಂದು ಹಿಡಿ ಒಣದ್ರಾಕ್ಷಿ, ಇದರಲ್ಲಿ ಏನು ಕಡಿಮೆ, ರಾಚವ್ವ ಫೋನಿನಲ್ಲಿ ಕೂಗುತ್ತಾಳೆ, ಹಲ್ಲ ಗಟ್ಟಿ ಆಗತಾವ ಬೇ, ನಿನ್ನ ಗಂಡ ಇದನ್ನ ತಿಂದ ಎತ್ತಿನಂಗ ಬೆಳದಾನ, ಹೌದ್ರಿ ಅತ್ತಿ, ಬುದ್ಧೀನೂ ಎತ್ತಿಂದ ಬಂದೈತ್ರಿ, ಇಬ್ಬರೂ ನಕ್ಕಿದ್ದರು, ಆದರೆ ಡಬ್ಬಿ ಮಾತ್ರ ದಿನವೂ ಹೆಚ್ಚುಕಡಿಮೆ ಹೋದಂತೆಯೇ ಮರಳುತ್ತಿತ್ತು.

ಮೂರನೇ ಇಯತ್ತೆಯ ಹುಡುಗಿ, ಕಾವ್ಯಾ, ಸ್ಕರ್ಟಿನ ಹುಕ್ಕನ್ನು ಎರಡು ಸಲ ಒಳಗೆ ಸರಿಸಿ ಹೊಲಿದದ್ದಾಯಿತು, ಸೋಮವಾರ ಪ್ರಾರ್ಥನೆಯಲ್ಲಿ ನಿಂತವಳು ತಲೆ ತಿರುಗಿ ಕುಸಿದಳಂತೆ, ಮನೆಯಲ್ಲಿ ಅದೇ ರೊಟ್ಟಿಯನ್ನು ಕಟಕಟ ಕಡಿಯುವವಳು ಶಾಲೆಯಲ್ಲಿ ಯಾಕೆ ಉಳಿಸುತ್ತಾಳೆ, ಕಾರಣ ತನಗೆ ಗೊತ್ತಿದೆ ಅಂದುಕೊಂಡಿದ್ದಳು ಚಂದ್ರಕಲಾ, ನೂಡಲ್ಸ ಬೇಕೇನ ನಿನಗ, ಹೇಳ, ಅನ್ನುತ್ತ ಉಳಿದದ್ದನ್ನು ಸಂಜೆ ಎದುರಿಗೆ ಕೂಡಿಸಿಕೊಂಡು ತಿನ್ನಿಸಿದಳು, ಬೆನ್ನಿಗೆ ಒಂದು ಕೊಟ್ಟಳು, ಒಂದಲ್ಲ, ಎರಡು — ನಿನ್ನೆ ಶಾಲೆಯ ಆಯಾ ಆಶಾಬಿ ಅಂಗಡಿಗೆ ಸೀರೆ ನೋಡಲು ಬಂದವಳು ಸೀರೆ ಬಿಟ್ಟು ಇದನ್ನು ಹೇಳಿದಳು, ನೀವು ಕಾವ್ಯಾನ ಅವ್ವ ಅಲ್ಲೇನ್ರಿ, ನಿಮ್ಮ ಹುಡುಗಿ ರೊಟ್ಟಿ ಕಡ್ಯಂಗಿಲ್ರಿ, ಮುರದ ಬಾಯಾಗ ಇಟ್ಕೊಂಡ ಸುಮ್ಮ ಕುಂದರ್ತಾಳ, ನೆನೀಲಿ ಅಂತ, ಕಡದ್ರ ಸಪ್ಪಳ ಆಗತೈತಲ್ರಿ, ಕಣಕಿ ಮಷಿನ್ ಚಾಲೂ ಆತ ಲೇ ಅಂತ ಹುಡುಗೂರು ನಗತಾವ, ಎರಡ ತುಣುಕ ನೆನೆಯೂದ್ರಾಗ ಗಂಟಿ ಹೊಡೀತೈತ್ರಿ, ಬಾಕಿದ್ದೆಲ್ಲ ಹಂಗ ಉಳೀತೈತಿ. ದನಕ್ಕೆ ಮೇವು ಕತ್ತರಿಸುವ ಮಷಿನ್, ಆ ಹುಡುಗರ ಅಜ್ಜಂದಿರ ಮನೆಯಲ್ಲೂ ಇರಬೇಕು, ಇಲ್ಲದಿದ್ದರೆ ಅದರ ಸಪ್ಪಳ ಅವರಿಗೆ ಹೇಗೆ ಗೊತ್ತು, ಚಂದ್ರಕಲಾಗೂ ನಗು ಬಂದಿತ್ತು, ಹೆಸರು ಸರಿಯಾಗಿಯೇ ಇಟ್ಟಿದ್ದಾರೆ, ಆಮೇಲೆ ಕೈಯಲ್ಲಿದ್ದ ಸೀರೆ ಮಡಚಲು ಬರಲಿಲ್ಲ, ಕಣ್ಣ ಮುಂದೆ ಕಾವ್ಯಾಳ ಮುಚ್ಚಿದ ತುಟಿ, ಒಂದು ಕಡೆ ಉಬ್ಬಿದ ಕೆನ್ನೆ.

ಎಣ್ಣೆ ಸವರಿದ ಕೈಯಿಂದ ಮುಟಗಿಯ ಉಂಡೆ ಕಟ್ಟುತ್ತಾಳೆ, ಅದೇ ಜೋಳ, ಈಗ ಮೆತ್ತಗೆ, ಗಜ್ಜರಿ ಹೆಚ್ಚಿ ಇಡಲು ಹೋಗಿ ತಡೆಯುತ್ತಾಳೆ, ಅದೂ ಕಟ್ ಅನ್ನುತ್ತದೆ, ಬಾಳೆಹಣ್ಣು ಇಡುತ್ತಾಳೆ, ಕಾವ್ಯಾ ಜಡೆ ಎಳೆದುಕೊಳ್ಳುತ್ತ ಬಂದು ಡಬ್ಬಿ ನೋಡುತ್ತಾಳೆ, ರೊಟ್ಟಿ ಇಲ್ಲೇನವ್ವ, ಮುಟಗಿ ಐತಿ, ಹುಡುಗಿ ಬೆರಳಿನಿಂದ ಉಂಡೆಯನ್ನು ಒತ್ತುತ್ತಾಳೆ, ಒತ್ತಿದಲ್ಲಿ ಗುಳಿ ಬೀಳುತ್ತದೆ, ಅಜ್ಜಿಗೆ ಹೇಳಬ್ಯಾಡ, ಯಾಕ, ಅಕಿ ರೊಟ್ಟಿ ಕಳಸೂದ ಬಿಡ್ತಾಳ, ನನಗ ಮನ್ಯಾಗ ಬೇಕ — ತಾನು ಹೊಡೆದದ್ದರ ಬಗ್ಗೆ ಚಂದ್ರಕಲಾ ಏನಾದರೂ ಹೇಳಬೇಕು, ಈಗಲೇ ಹೇಳಬೇಕು, ಆಟೋದವನು ಹಾರ್ನ್ ಒತ್ತುತ್ತಾನೆ, ಚಪ್ಪಲ ಅಲ್ಲ ಬೇ, ಬೂಟ ಹಾಕ್ಕೊ, ಅಷ್ಟೇ ಬಾಯಿಗೆ ಬಂತು, ಹುಡುಗಿ ಹೋದಳು. ಚಂದ್ರಕಲಾ ಅತ್ತೆ ಕಳಿಸಿದ ಗಂಟು ಬಿಚ್ಚಿ ಒಂದು ಕಡಕ್ ರೊಟ್ಟಿ ತೆಗೆದು ಮುರಿದು ಬಾಯಲ್ಲಿಟ್ಟುಕೊಂಡಳು, ಕಡಿಯಲಿಲ್ಲ, ಅಂಚು ಅಂಗುಳಿಗೆ ಚುಚ್ಚುತ್ತಿದೆ, ಎಷ್ಟು ಹೊತ್ತು ಬೇಕು ಇದಕ್ಕೆ, ಚಹಾ ಉಕ್ಕಿತು, ಒಲೆ ಆರಿಸಿದಳು, ಇನ್ನೂ ನೆನೆದಿಲ್ಲ, ನಾಲಿಗೆಯಿಂದ ಹೊರಳಿಸಿದರೂ ಗಟ್ಟಿಯೇ, ದಿನವೂ ಶಾಲೆಯಲ್ಲಿ ಹೀಗೆಯೇ, ಸುತ್ತ ಮಕ್ಕಳು ಊಟ ಮುಗಿಸಿ ಏಳುತ್ತಿದ್ದಾರೆ, ಬೆಂಚಿನ ತುದಿಯಲ್ಲಿ ಕಾವ್ಯಾ, ಮುಚ್ಚಿದ ತುಟಿ, ಉಬ್ಬಿದ ಕೆನ್ನೆ, ಇನ್ನೂ ನೆನೆದಿಲ್ಲ, ತನ್ನದೂ ಉಬ್ಬಿದ ಕೆನ್ನೆ.