ಟೈಲರಮ್ಮನ ಹಳೇ ಅಳತೆ

ಬಾಗಿಲು ಬಡಿದ ಸದ್ದಾದರೆ ಸಾಕು, ನಮ್ಮ ಬೀದಿಯ ಟೈಲರಮ್ಮ ಮಿಷನ್ ನಿಲ್ಲಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಸಾಲದ ಕಂತು ತಪ್ಪಿ, ವಸೂಲಿಯವರು ಬೀದಿಗೆಲ್ಲ ಕೇಳುವಂತೆ ಕೂಗಾಡಿದಾಗ ಅಂಟಿದ ಅಭ್ಯಾಸ ಅದು. ಆಮೇಲೆ ಹೊಟ್ಟೆಬಟ್ಟೆ ಕಟ್ಟಿ ಪೂರ್ತಿ ತೀರಿಸಿದಳು ಅನ್ನಿ. ತೀರಿಸಿ ಎರಡು ವರ್ಷವಾದರೂ ಅಭ್ಯಾಸ ಮಾತ್ರ ಹೋಗಲಿಲ್ಲ. ಬಡಿದು ಬಡಿದು ಬೇಸತ್ತು ಅಕ್ಕಪಕ್ಕದವರೂ ಬರೋದು ಬಿಟ್ಟರು. ಆ ಮನೆಯಲ್ಲಿ ಮಿಷನ್ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ಈಗ ಮಿಷನ್ನೂ ಕೈಕೊಟ್ಟಿತು. ಶಾಲೆಯ ಯೂನಿಫಾರ್ಮ್ ಆರ್ಡರ್ ಬಂದಿದೆ, ಅದು ತಪ್ಪಿದರೆ ಬಾಡಿಗೆಗೂ ಗತಿಯಿಲ್ಲ. ಹೊಸ ಮಿಷನ್ನಿಗೆ ಸಾಲ ಕೇಳೋಣ ಅಂತ ಧೈರ್ಯ ಮಾಡಿ ಬ್ಯಾಂಕಿಗೆ ಹೋದಳು. ಯಾರ ಸಾಲ ಎಷ್ಟು, ಕಂತು ಕಟ್ಟಿದಾರಾ ಅಂತ ಬರೆದಿಡೋ ಕ್ರೆಡಿಟ್ ರಿಪೋರ್ಟಿನಲ್ಲಿ ನಿಮ್ಮ ಹಳೇ ಸಾಲ ಇನ್ನೂ ಬಾಕಿ ಅಂತಿದೆ, ಹೊಸ ಸಾಲ ಆಗೋಲ್ಲ ಅಂದರು. ತೀರಿಸಿದ್ದೀನಿ ಅನ್ನೋಕೂ ಬಾಯಿ ಬರದೆ ತಲೆ ತಗ್ಗಿಸಿ ಎದ್ದು ಬಂದಳು. ಮನೆಗೆ ಬಂದು ಹೇಳಿಕೊಳ್ಳೋಕೆ ಯಾರಿದ್ದಾರೆ?

ಮಾರನೇ ದಿನ ಕೋಟು ಹೊಲಿಸಲು ಬಂದವರು ಹಳೇ ಗಿರಾಕಿ, ಬ್ಯಾಂಕಿನಿಂದ ರಿಟೈರಾದ ಒಬ್ಬ ಅಕ್ಕ. ಘಾಟಿ ಹೆಂಗಸು, ಬಾಗಿಲು ಬಡಿಯದೆ ಹಿತ್ತಲಿಂದಲೇ ಒಳಗೆ ಬಂದರು. ಟೈಲರಮ್ಮನ ಮನಸ್ಸು ಎಲ್ಲೋ ಇತ್ತು. ಮಿಷನ್ ಕೆಟ್ಟಿದ್ದರೂ ಕತ್ತರಿಸಿಯಾದರೂ ಇಡೋಣ ಅಂತ ಅಳತೆ ಪುಸ್ತಕ ನೋಡಿಕೊಂಡು ಬಟ್ಟೆಗೆ ಕತ್ತರಿ ಇಡಲು ಹೋದಳು.

"ತಡಿಯಮ್ಮ, ಅದು ನನ್ನ ಕಾಯಿಲೆಗೆ ಮುಂಚಿನ ಅಳತೆ. ಈಗ ಅರ್ಧ ಇಳಿದುಹೋಗಿದ್ದೀನಿ."

"ನೀವು ಹೇಳದಿದ್ರೆ ಪುಸ್ತಕ ನಂಬಿ ಕತ್ತರಿಸಿಬಿಡ್ತಿದ್ದೆ ಅಕ್ಕ," ಅಂದವಳಿಗೆ ಅಳು ತಡೆಯಲಾಗಲಿಲ್ಲ. ಬ್ಯಾಂಕಿನಲ್ಲಿ ಆದದ್ದೆಲ್ಲ ಹೇಳಿದಳು.

"ಅವರೂ ಹಳೇ ಅಳತೆ ನಂಬಿದಾರೆ ಕಣಮ್ಮ. ಹೊಸದನ್ನ ನೀನೇ ಹೇಳಬೇಕು."

ಟೈಲರಮ್ಮ ಒಪ್ಪಲಿಲ್ಲ. ಅಂಥ ದೊಡ್ಡ ಜನ ಬರೆದದ್ದನ್ನ ನಾನು ತಪ್ಪು ಅಂದರೆ ಕೇಳ್ತಾರಾ? ರಿಪೋರ್ಟ್ ನೋಡಿದರೇ ಅದರಲ್ಲಿ ನಮಗೆ ಕೊಟ್ಟಿರೋ ಅಂಕ ಇಳಿಯುತ್ತಂತಲ್ಲ? ನಮ್ಮ ರಿಪೋರ್ಟ್ ನಾವೇ ನೋಡಿಕೊಂಡರೆ ಏನೂ ಇಳಿಯೋಲ್ಲ, ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತೆ ಅಂದರು ಅಕ್ಕ. ರಸೀದಿಗಳೇನೋ ಗುಂಡಿ ಡಬ್ಬಿಯಲ್ಲಿ ಜೋಪಾನವಾಗಿದ್ದವು. ಆದರೆ 'ಬಾಕಿ ಇಲ್ಲ' ಅನ್ನುವ ಪತ್ರ? ಕೊನೇ ಕಂತು ಕಟ್ಟಿದ ದಿನ ಯಾರ ಮುಖವನ್ನೂ ನೋಡಲಾರದೆ, ಪತ್ರ ಕೇಳದೆಯೇ ಓಡಿಬಂದಿದ್ದಳು.

ಕೊನೆಗೂ ಒಪ್ಪಿದಳು; ರಿಪೋರ್ಟ್ ತರಿಸಿ ನೋಡಿ, ಇಬ್ಬರೂ ಹೋಗಿ ಸಾಲ ಕೊಟ್ಟವರ ಹತ್ತಿರ ಪತ್ರ ಬರೆಸಿಕೊಂಡರು. ರಿಪೋರ್ಟ್ ತಯಾರಿಸುವ ಸಂಸ್ಥೆಗೆ ಆ ಪತ್ರದ, ರಸೀದಿಗಳ ನಕಲು ಸೇರಿಸಿ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಂಡರು. ನಡುವೆ, ದುಡ್ಡು ಕೊಡಿ, ರಿಪೋರ್ಟಿನಲ್ಲಿರೋ ಕೆಟ್ಟದ್ದೆಲ್ಲ ಅಳಿಸಿಕೊಡ್ತೀವಿ ಅಂತ ಫೋನ್ ಮಾಡಿದ ಮೋಸಗಾರನೊಬ್ಬನಿಗೆ ಅಕ್ಕ ಚೆನ್ನಾಗಿ ಮಂಗಳಾರತಿ ಎತ್ತಿದರು.

ಕೆಲವು ವಾರಗಳ ಮೇಲೆ 'ಸಾಲ ತೀರಿದೆ' ಅಂತ ತಿದ್ದಿದ ರಿಪೋರ್ಟ್ ಬಂತು. ಟೈಲರಮ್ಮ ಒಬ್ಬಳೇ ಕೂತು, ಕೆಟ್ಟ ಮಿಷನ್ನಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ನಿಜವಾಗಿ ತಪ್ಪಿದ ಕಂತುಗಳು ಅದರಲ್ಲಿ ಹಾಗೇ ಇದ್ದವು, ಅವಕ್ಕೆ ಕಾಲವೇ ಮದ್ದು. ಅಷ್ಟರಲ್ಲಿ ಅರ್ಧ ಆರ್ಡರ್ ಬೇರೆಯವರ ಪಾಲಾಗಿತ್ತು. ಉಳಿದರ್ಧಕ್ಕೆ ಬ್ಯಾಂಕಿನಲ್ಲೇ ಸಣ್ಣ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಮಿಷನ್ ತಂದಳು. ತಿಂಗಳು ತಿಂಗಳೂ ಗಡುವಿಗೆ ಎರಡು ದಿನ ಮುಂಚೆಯೇ ಕಂತು ಕಟ್ಟುತ್ತಾಳೆ.

ಮೊನ್ನೆ ಯಾರೋ ಬಾಗಿಲು ಬಡಿದರು. ಅವಳ ಕಾಲು ಪೆಡಲಿನ ಮೇಲೆ ಒಂದು ಗಳಿಗೆ ತಡೆಯಿತು. ಆಮೇಲೆ ಮತ್ತೆ ತುಳಿಯುತ್ತಲೇ ಅಂದಳು, "ಚಿಲಕ ಹಾಕಿಲ್ಲ, ಬನ್ನಿ."

ನೀವೂ ಸಾಲ ತೀರಿಸಿ ತಲೆ ತಗ್ಗಿಸಿಕೊಂಡೇ ಕೂತಿದ್ದೀರಾ? ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಿರಿ. ನಿಮ್ಮ ರಿಪೋರ್ಟ್ ತರಿಸಿ ಓದಿ, ತಪ್ಪಿದ್ದರೆ ಇವತ್ತೇ ದೂರು ಕೊಡಿ. ಒಬ್ಬರೇ ಹೋಗೋಕೆ ಅಳುಕಾದರೆ ಪಕ್ಕದ ಮನೆಯವರನ್ನು ಕರೆಯಿರಿ, ಖಂಡಿತ ಬರ್ತಾರೆ.