ಹೂಂ, ಹಾಕು

ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಅಮರೇಶ್ವರಿಯ ಕೈ, ಬಾಗಿಲಲ್ಲಿ ಭಾವನ ದನಿ ಏರಿದ್ದು ಕೇಳಿ ನಡುವೆಯೇ ನಿಂತಿತು.

"ಅಲ್ಲೇ ನಿಂದರ್ರಿ," ಎನ್ನುತ್ತಿದ್ದ ಯಂಕೋಬ. "ಏನು ನೋಡಾಕ ಬಂದೀರಿ? ಪೂರಾ ಸತ್ತಾನೋ ಇಲ್ಲೋ ಅಂತಾನಾ?"

ಅಂಗಳದಲ್ಲಿ ಇಬ್ಬರಿದ್ದರು. ಒಬ್ಬಳು ರೂಪಾ, ಹತ್ತೊಂಬತ್ತರ ಹುಡುಗಿ, ತೀರಿಹೋದ ಗಾದಿಲಿಂಗ ಮಾಸ್ತರರ ಹತ್ತಿರ ವೈರಿಂಗ್ ಕಲಿಯುತ್ತಿದ್ದವಳು. ಇನ್ನೊಬ್ಬಳು ಆಕೆಯ ತಾಯಿ ಪಕೀರಮ್ಮ. ಜವಳಗೇರಾದಿಂದ ಮೊದಲ ಬಸ್ಸಿಗೆ ಬಂದಿದ್ದರು.

"ಯಣ್ಣಾ, ಒಂದ್ಸಲ ಮುಖ ನೋಡಿ ಹೋಗ್ತೀವ್ರೀ," ಎಂದಳು ಪಕೀರಮ್ಮ.

"ಇನ್ನ ಸ್ಟೇಷನ್‌ನ್ಯಾಗ ನೋಡೂಣು. ಮಣ್ಣಾಗ್ಲಿ, ಸಂಜೀಕ ಹೋಗಿ ಕೇಸ್ ಬರಸ್ತೀನಿ. ಕೇಳದ ಫ್ಯೂಸ್ ಹಾಕಿ ನನ್ನ ತಮ್ಮನ್ನ ಕೊಂದಾಳ ಅಂತ."

"ಹಾಕ್ಲೇನ್ರಿ ಸರ್ ಅಂತ ಕೇಳೀನ್ರೀ," ರೂಪಾ ನೆಲ ನೋಡುತ್ತ ಹೇಳಿದಳು. "ಸರ್ 'ಹೂಂ, ಹಾಕು' ಅಂದ್ರು. ಅದಕ್ಕ ಹಾಕೀನಿ."

ನಿನ್ನೆ ಮಧ್ಯಾಹ್ನದಿಂದ ಆಕೆ ಹೇಳುತ್ತಿದ್ದದ್ದು ಇದೊಂದೇ ಮಾತು. ಮಸ್ಕಿಯ ತರಬೇತಿ ಕೇಂದ್ರದಲ್ಲಿ ಫ್ಯಾನಿನ ಲೈನು ಕೆಟ್ಟಿತ್ತು. ಮಾಸ್ತರರು ಏಣಿ ಹತ್ತಿದ್ದರು. ಲೈನಿಗೆ ಕರೆಂಟು ಬಾರದಂತೆ ಕಿತ್ತ ಫ್ಯೂಸನ್ನು ಕೈಯಲ್ಲಿ ಹಿಡಿದು ರೂಪಾ ಪಕ್ಕದ ಕೋಣೆಯ ಫ್ಯೂಸ್ ಬೋರ್ಡಿನ ಮುಂದೆ ನಿಂತಿದ್ದಳು. ಅಲ್ಲಿಗೆ ಅವರು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಉಳಿದ ಹುಡುಗರು ಊಟಕ್ಕೆ ಹೋಗಿದ್ದರು. ಆಕೆ ಫ್ಯೂಸ್ ಹಾಕಿದ್ದೇ ಕರೆಂಟು ಹೊಡೆದು ಅವರು ಏಣಿಯಿಂದ ಬಿದ್ದಿದ್ದರು. ಏಣಿಯ ಕೆಳಗೆ ಒಡೆದು ಬಿದ್ದಿದ್ದ ಮಾಸ್ತರರ ಫೋನು ಈಗ ಪೊಲೀಸರ ಬಳಿ ಇತ್ತು. ಕಿಸೆಯಿಂದ ಜಾರಿರಬೇಕು ಎಂದುಕೊಂಡು ಯಾರೂ ಅದನ್ನು ಚಾಲೂ ಮಾಡಿ ನೋಡಿರಲಿಲ್ಲ. ಲಿಂಗಸುಗೂರಿನಲ್ಲಿ ಪೋಸ್ಟ್‌ಮಾರ್ಟಂ ಮುಗಿದು ಶವ ಮನೆಗೆ ಬಂದಾಗ ಇಂದು ಬೆಳಿಗ್ಗೆ ಏಳೂವರೆ.

ಗೋಡೆಗೆ ಒರಗಿ ನಿಂತಿದ್ದ ಆಸೀಫ್ ಮುಂದೆ ಬಂದ. ಮಾಸ್ತರರ ಹಳೆಯ ವಿದ್ಯಾರ್ಥಿ. ಲಿಂಗಸುಗೂರಿನಲ್ಲಿ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ.

"ನೋಡು ತಂಗಿ, ನಾನೂ ಅವರ ಕೈಯಾಗ ಕಲ್ತಾವ. ಹೂಂ ಅಂದ್ರ ಸರ್‌ಗೆ ಆಗ್ತಿದ್ದಿಲ್ಲ. 'ಹೂಂ ಅನ್ನಾದು ಎಮ್ಮಿ ಮಾತು, ಹೆಸರು ಹಿಡದು ಬಾಯಿತುಂಬ ಹೇಳ್ರಲೇ' ಅಂತಿದ್ರು. 'ಆಸೀಫ್, ಏಣಿ ಇಳದೀನಿ, ಫ್ಯೂಸ್ ಹಾಕು.' ಇಷ್ಟು ಕೇಳಿದ್ರನ ಹಾಕಬೇಕು. ಅಂಥವ್ರು ವೈರ್ ಹಿಡಕೊಂಡು ಹೂಂ ಅಂತಾರಾ?"

ಗುರುವಿನ ಮೇಲಿನ ಅಭಿಮಾನದಿಂದಲೇ ಆತ ಹೇಳಿದ್ದ.

"ಹೆಣ್ಣುಮಕ್ಕಳಿಗೆ ಯಾಕ ಬೇಕಿತ್ತವ್ವಾ ಕರೆಂಟಿನ ಕೆಲಸ?" ಶವದ ಬಳಿ ಕುಳಿತಿದ್ದ ನೆರೆಮನೆಯ ಪಾರ್ವತೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೊಲಿಗಿ ಮಷೀನ್ ತುಳ್ಕೋತ ಕುಂತಿದ್ರ ಸಾಕಾಗ್ತಿತ್ತು."

ಅಮರೇಶ್ವರಿ ಬೆರಳಿನ ವಿಭೂತಿ ನೋಡುತ್ತ ಕುಳಿತಳು. ಹುಡುಗಿಯ ಮಾತು ನಿಜವೆಂದು ಆ ಮನೆಯಲ್ಲಿ ಆಕೆಯೊಬ್ಬಳಿಗೇ ಗೊತ್ತಿತ್ತು.

*

ಗಾದಿಲಿಂಗ ಗುರುಗುಂಟಾದವರು. ಲಿಂಗಸುಗೂರಿನ ಒಂದು ಮೋಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತು, ಹತ್ತೊಂಬತ್ತು ವರ್ಷ ಇತರರಿಗೆ ಕಲಿಸಿದರು. ಸರ್ಕಾರದ ಯೋಜನೆ ಬದಲಾದಂತೆ ತರಬೇತಿ ಕೇಂದ್ರದ ಹೆಸರಿನ ಬೋರ್ಡು ನಾಲ್ಕು ಸಲ ಬದಲಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದು ಅವರೂ ಬೋರ್ಡಿನ ಹಿಂದೆ ತಿರುಗಿದರು. ಕಲಿಸುವ ರೀತಿ ಮಾತ್ರ ಬದಲಾಗಲಿಲ್ಲ. ಏಣಿ ಹತ್ತುವಾಗ ಫ್ಯೂಸು ಅವರ ಕಿಸೆಯಲ್ಲೇ ಇರುತ್ತಿತ್ತು; ಕೆಲಸ ಕೈಗೆ ಹತ್ತಿದ ವಿದ್ಯಾರ್ಥಿಗೆ ಮಾತ್ರ ಅದನ್ನು ಕೊಡುತ್ತಿದ್ದರು.

ನಿನ್ನೆ ಬೆಳಿಗ್ಗೆ ರೊಟ್ಟಿ ಮುರಿಯುತ್ತ ಅವರು, "ಇವತ್ತು ರೂಪಾನ ಕೈಯಾಗ ಫ್ಯೂಸ್ ಕೊಡ್ತೀನಿ," ಎಂದಿದ್ದರು. "ಹುಡುಗಿ ಶಾಣ್ಯಾ ಅದಾಳ, ಆದ್ರ ಹೆದರ್ತಾಳ. ಒಬ್ಬರ ಜೀವ ಕೈಯಾಗ ಹಿಡದು ನಿಂತ್ರ ಹೆದರಿಕಿ ಹೋಕ್ಕೈತಿ."

"ಅದಕ್ಕ ನಿಮ್ಮ ಜೀವಾನ ಬೇಕೇನು?"

"ಮತ್ತ್ಯಾರದು ಕೊಡ್ಲಿ, ನಮ್ಮಣ್ಣಂದಾ?" ಎಂದು ನಕ್ಕಿದ್ದರು.

ದಿನವೂ ಹನ್ನೆರಡೂವರೆಯ ಹೊತ್ತಿಗೆ ಅಮರೇಶ್ವರಿ ಫೋನ್ ಮಾಡುತ್ತಿದ್ದಳು. ಅವರು ಕೈ ತೊಳೆದು ನಡೆದು ಬರುವುದರೊಳಗೆ ಅನ್ನ ಆಗಿರುತ್ತಿತ್ತು. ಕೇಳುತ್ತಿದ್ದದ್ದು ಒಂದೇ ಮಾತು.

"ಅಕ್ಕಿ ಹಾಕ್ಲೇನ್ರೀ?"

ನಿನ್ನೆ ಫೋನಿನ ಆಚೆಯಿಂದ ಒಂದು ಹೆಣ್ಣುದನಿಯೂ ಕೇಳಿಸಿತ್ತು, ಏನೆಂದಿತೋ ತಿಳಿಯಲಿಲ್ಲ. ಅವರು ಎಂದಿನ ದೊಡ್ಡ ದನಿಯಲ್ಲೇ ಹೇಳಿದರು.

"ಹೂಂ, ಹಾಕು."

ಆಕೆ ಫೋನ್ ಇಟ್ಟು, ಕುದಿಯುವ ಎಸರಿಗೆ ಅಕ್ಕಿ ಸುರಿದಳು.

*

ಹೊರಗೆ ಟ್ರ್ಯಾಕ್ಟರ್ ಬಂದು ನಿಂತಿತು. ಹೊತ್ತಾಯಿತು, ಎತ್ತಿರಿ ಎಂದು ಯಾರೋ ಅವಸರಿಸಿದರು.

"ನಡಿ ಬೇ," ಎಂದು ಪಕೀರಮ್ಮ ಮಗಳ ರಟ್ಟೆ ಹಿಡಿದಳು.

ರೂಪಾ ಕದಲಲಿಲ್ಲ. "ಎವ್ವಾ," ಎಂದಳು, ತನಗೇ ಹೇಳಿಕೊಳ್ಳುವಂತೆ, "ಸರ್ ಅಂದಿದ್ದಿಲ್ಲೇನೋ. ನನಗಽ ಹಂಗ ಕೇಳಿರಬೇಕು."

ಅಮರೇಶ್ವರಿ ತಲೆ ಎತ್ತಿದಳು. ಬಾಯಿ ಬಿಟ್ಟರೆ ಊರಿಗೆ ಎರಡು ಮಾತು ಸಿಗುತ್ತಿದ್ದವು: ಮಾಸ್ತರರು ಏಣಿಯ ಮೇಲೆ ಫೋನ್ ಎತ್ತಿದರು, ಮಾಡಿದವಳು ಹೆಂಡತಿ. ಬಿಡದಿದ್ದರೆ ಈ ಹುಡುಗಿ ಇಂದು ಸಂಜೆಯ ಹೊತ್ತಿಗೆ ತನ್ನ ಕಿವಿಯನ್ನೇ ನಂಬದ ಸ್ಥಿತಿಗೆ ಬರುತ್ತಿದ್ದಳು.

"ಆಕಿಗೆ ಬರೋಬ್ಬರಿ ಕೇಳೈತಿ," ಎಂದಳು.

ಅಂಗಳದವರೆಲ್ಲ ತಿರುಗಿದರು.

"ಅವರು ಅಂದಾರ. ಆದ್ರ ಆಕಿಗಲ್ಲ, ನನಗ. ಏಣಿ ಮ್ಯಾಲೆ ನಿಂತು ನನ್ನ ಫೋನ್ ಎತ್ಯಾರ. ಅಕ್ಕಿ ಹಾಕ್ಲೇನು ಅಂತ ನಾ ಕೇಳೀನಿ. ಹೂಂ, ಹಾಕು ಅಂದಾರ. ಹನ್ನೆರಡೂ ಮೂವತ್ನಾಕಕ್ಕ. ನನ್ನ ಫೋನಿನ್ಯಾಗ ಟೈಮ್ ಐತಿ."

"ದುಃಖದಾಗ ಅದೀ ತಂಗಿ, ಸುಮ್ನಿರು," ಎಂದ ಯಂಕೋಬ. ದನಿ ತಗ್ಗಿತ್ತು. "ಮಣ್ಣಿಗೆ ಹೋಗಾವನ ಮ್ಯಾಲೆ ತಪ್ಪು ಹೊರಸ್ತೀ ಏನು?"

"ತಪ್ಪು ಅವರದೂ ಐತಿ, ನನ್ನದೂ ಐತಿ. ಬರಸಾದಿದ್ರ ಇದನ್ನ ಬರಸ್ರಿ ಭಾವಾರ. ಸಂಜೀಕ ನಾನೂ ಸ್ಟೇಷನ್‌ಗೆ ಬರ್ತೀನಿ."

ಆಸೀಫ್ ಬೀದಿಯ ಕಡೆ ಮುಖ ತಿರುಗಿಸಿದ.

"ಹಂಗಾರ ಹೆಂಡ್ತಿ ಫೋನಽ ಜೀವ ತಿಂತು ಅನ್ನು," ಪಾರ್ವತೆಮ್ಮ ಮಗ್ಗುಲಿನವಳ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿತು. ಇಷ್ಟು ಹೊತ್ತು ಅಮರೇಶ್ವರಿಯ ಬೆನ್ನು ಸವರುತ್ತಿದ್ದವಳು ಕೈ ತೆಗೆದು, ಸೆರಗು ಎಳೆದುಕೊಂಡು, ಒಂದು ಗೇಣು ಆಚೆ ಸರಿದಳು. ಆಕೆ ಸರಿದದ್ದು ಕಂಡು ಮಗ್ಗುಲಿನವಳೂ ಸರಿದಳು. ಶವದ ತಲೆಯ ಹತ್ತಿರ ಒಬ್ಬರು ಕೂರುವಷ್ಟು ನೆಲ ಖಾಲಿ ಬಿತ್ತು.

ಪಕೀರಮ್ಮ ಅಂಗಳದಲ್ಲಿ ಚಪ್ಪಲಿ ಬಿಟ್ಟಳು. ಯಂಕೋಬನ ಪಕ್ಕದಿಂದ ಒಳಗೆ ಬಂದು, ಆ ಖಾಲಿ ನೆಲದ ಮೇಲೆ, ಅಮರೇಶ್ವರಿಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಳು.